9ಎಚ್ ಎಂದು ಅಚ್ಚು ಹಾಕಿಸುವವರಿಗೆ ಚಳ್ಳಕೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಟ್ಯಾಬಿನ ಪರದೆಗೆ ಅಂಟಿಸುವ ಗಾಜಿನ ಡಬ್ಬಿಯನ್ನು ಆರೂ ಮಗ್ಗುಲು ತಿರುಗಿಸಿ ನೋಡಿದೆ. ‘9ಎಚ್’ ಎಂದು ಚಿನ್ನದ ಬಣ್ಣದಲ್ಲಿ ದೊಡ್ಡದಾಗಿ ಅಚ್ಚಾಗಿದೆ. ಪಕ್ಕದಲ್ಲಿ ಚಾಕು, ಸುತ್ತಿಗೆಗಳ ಚಿತ್ರ. ನಿಮ್ಮ ಹೆಸರಿಲ್ಲ, ಊರಿಲ್ಲ. ವಿಳಾಸ ಇದ್ದಿದ್ದರೆ ಈ ಪತ್ರ ಅಂಚೆಯಲ್ಲಿ ನಿಮ್ಮೊಬ್ಬರಿಗೇ ಬರುತ್ತಿತ್ತು. ಇಲ್ಲದ್ದರಿಂದ ಎಲ್ಲರೂ ಓದುವ ಹಾಗೆ ಬರೆಯಬೇಕಾಗಿದೆ.

ಚಳ್ಳಕೆರೆ, ಮೊಳಕಾಲ್ಮುರಿನ ಮೊಬೈಲ್ ಅಂಗಡಿಗಳಲ್ಲಿ ನಡೆಯುವ ಮಾತು ನಿಮಗೆ ತಲುಪಿರಲಿಕ್ಕಿಲ್ಲ. ಕಾಲೇಜಿನ ಹುಡುಗಿ ಟ್ಯಾಬ್ ಮುಂದಿಟ್ಟು, “ಅಣ್ಣಾ, ಗಟ್ಟಿ ಇರೋದು ಹಾಕ್ಕೊಡಣ್ಣ” ಎನ್ನುತ್ತಾಳೆ. “ನೈನ್ ಎಚ್ ಐತೆ ಕಣಮ್ಮ, ಕಲ್ಲಾಗೆ ಉಜ್ಜಿದ್ರೂ ಗೀರು ಬೀಳಲ್ಲ” ಎಂದು ಅಂಗಡಿಯವರು ಭರವಸೆ ಕೊಡುತ್ತಾರೆ. ಅವರು ಮೋಸ ಮಾಡುತ್ತಿಲ್ಲ. ನೀವು ಅಚ್ಚು ಹಾಕಿಸಿದ್ದನ್ನು ನಂಬಿ ಹೇಳುತ್ತಿದ್ದಾರೆ. ಆದರೆ ಆ ಮಾತು ನಿಜವಲ್ಲ, ನಮ್ಮ ಸೀಮೆಯಲ್ಲಂತೂ ಖಂಡಿತ ಅಲ್ಲ.

9ಎಚ್ ಎನ್ನುವುದು ಪೆನ್ಸಿಲಿನ ಅಳತೆ. ಮಕ್ಕಳು ಶಾಲೆಗೆ ಒಯ್ಯುವ ಪೆನ್ಸಿಲಿನ ಮೇಲೆ ಎಚ್‌ಬಿ ಎಂದಿರುತ್ತದಲ್ಲ, ಅದೇ ಸಾಲಿನ ಗಟ್ಟಿ ತುದಿಯಲ್ಲಿರುವುದು 9ಎಚ್. ಬಣ್ಣ ಮತ್ತು ವಾರ್ನಿಷ್ ಲೇಪದ ಗಟ್ಟಿತನ ತಿಳಿಯಲು ಈ ಪರೀಕ್ಷೆ ಹುಟ್ಟಿತು. ಐಎಸ್‌ಒ 15184 ಎಂಬ ಮಾನದಂಡದಲ್ಲಿ ಇದರ ಕ್ರಮವಿದೆ: ಪೆನ್ಸಿಲನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, 750 ಗ್ರಾಂ ಭಾರ ಬೀಳುವಂತೆ ಲೇಪದ ಮೇಲೆ ಎಳೆದು, ಗೀರು ಬಿತ್ತೇ ಎಂದು ನೋಡಬೇಕು. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನದು. ಅದು ಗಾಜನ್ನು ಗೀರದೆ ಇರುವುದರಲ್ಲಿ ನಿಮ್ಮ ಗಾಜಿನ ಹೆಚ್ಚುಗಾರಿಕೆ ಏನೂ ಇಲ್ಲ.

ಆದರೆ ವಿಜ್ಞಾನ ಓದಿದವರಿಗೆ 9 ಎಂದರೆ ನೆನಪಾಗುವುದು ಬೇರೆಯೇ ಅಳತೆ. ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ 1812ರಲ್ಲಿ ಖನಿಜಗಳನ್ನು ಗಟ್ಟಿತನದ ಕ್ರಮದಲ್ಲಿ ಜೋಡಿಸಿದ. ಒಂದನೆಯದು ಟಾಲ್ಕ್, ಹತ್ತನೆಯದು ವಜ್ರ. ಒಂಬತ್ತನೆಯದು ಮಾಣಿಕ್ಯ, ನೀಲಮಣಿಗಳ ಜಾತಿಯ ಕೊರಂಡಮ್. ಗಾಜು ನಿಲ್ಲುವುದು ಐದೂವರೆ, ಆರರ ಹತ್ತಿರ. ಡಬ್ಬಿಯ ಮೇಲಿನ 9ನ್ನು ಈ ಅಳತೆಯ 9 ಎಂದು ಜನ ತಿಳಿದರೆ ನಿಮಗೆ ಲಾಭ. ಹಾಗೆ ತಿಳಿಯದಂತೆ ತಡೆಯುವ ಒಂದು ಪದವೂ ಡಬ್ಬಿಯ ಮೇಲಿಲ್ಲ.

ನಮ್ಮ ನೆಲದ ವಿಷಯ ಹೇಳುತ್ತೇನೆ. ಮೋಸ್ ಸಾಲಿನಲ್ಲಿ ಏಳನೆಯದು ಬೆಣಚು. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಅದು ದೇವರು ಧಾರಾಳವಾಗಿ ಕೊಟ್ಟ ವಸ್ತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಕಾಲದ ಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಿಸಿಲು, ಗಾಳಿ ತಿಂದರೂ ಅಕ್ಷರ ಉಳಿದಿರುವಂಥ ಬಂಡೆಸೀಮೆ ಇದು. ಇಂಥ ಕಣಶಿಲೆ ಸವೆದಾಗ ಅದರೊಳಗಿನ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗಿ ಕರಗುತ್ತದೆ. ಬೆಣಚು ಕರಗುವುದಿಲ್ಲ. ಮರಳಾಗಿ, ಇನ್ನೂ ಸಣ್ಣಗಾದರೆ ದೂಳಾಗಿ ಉಳಿಯುತ್ತದೆ. ರಾಜ್ಯದಲ್ಲಿ ತೀರ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ನಾವಿದ್ದೇವೆ. ಆಷಾಢದ ಗಾಳಿ ಎದ್ದರೆ ಈ ದೂಳು ಮನೆಯೊಳಗೆ, ಪುಸ್ತಕದ ಚೀಲದೊಳಗೆ, ಟ್ಯಾಬಿನ ಮಡಿಚುವ ಕವರಿನೊಳಗೆ ಬಂದು ಕೂರುತ್ತದೆ. ಏಳರ ಗಟ್ಟಿತನದ ಕಣ, ಆರರ ಗಟ್ಟಿತನದ ಗಾಜು. ಯಾವುದು ಯಾವುದನ್ನು ಗೀರುತ್ತದೆ ಎಂದು ಹೇಳಲು ಪ್ರಯೋಗಾಲಯ ಬೇಕಿಲ್ಲ. ಶಾಲೆಯ ಮೇಷ್ಟ್ರು ಯಾರಾದರೂ ಒಡೆದ ಹಳೆಯ ಗ್ಲಾಸೊಂದನ್ನು ಮೇಜಿನ ಮೇಲಿಟ್ಟು, ಹೊಲದ ಬದುವಿನಿಂದ ಆಯ್ದು ತಂದ ಬೆಣಚುಕಲ್ಲಿನ ಚೂಪು ಅಂಚಿನಿಂದ ಎಳೆದು ಮಕ್ಕಳಿಗೆ ತೋರಿಸಬಹುದು.

ನಮ್ಮಲ್ಲಿ ಇನ್ನೊಂದು ಜಾತಿಯ ದೂಳೂ ಇದೆ. ಚಳ್ಳಕೆರೆ ಶೇಂಗಾದ ಊರು, ಎಣ್ಣೆ ಗಿರಣಿಗಳ ಊರು. ಶೇಂಗಾ ಬಿಡಿಸುವಾಗ ಏಳುವ ಸಿಪ್ಪೆಯ ಪುಡಿ, ಕಂಬಳಿ ನೇಯುವ ಮನೆಗಳ ಉಣ್ಣೆಯ ಎಳೆ, ಮೊಳಕಾಲ್ಮುರಿನ ಮಗ್ಗದ ಮನೆಗಳ ರೇಷ್ಮೆಯ ನವಿರು ನೂಲು, ಇವು ಯಾವುವೂ ಗಾಜನ್ನು ಗೀರುವುದಿಲ್ಲ. ಆದರೆ ಗಾಜಿನ ಅಡಿಯ ಅಂಟಿಗೆ ಇವೇ ಶತ್ರು. ಕಣ್ಣಿಗೆ ಕಾಣದ ಒಂದು ಎಳೆ ಸಿಕ್ಕಿಕೊಂಡರೂ ಅದರ ಸುತ್ತ ಗುಳ್ಳೆ ಏಳುತ್ತದೆ. ಬೆರಳಿನ ಎಣ್ಣೆ ಜಿಡ್ಡು ಉಳಿದರೆ ಅಂಟು ಹಿಡಿಯುವುದೇ ಇಲ್ಲ. ಫೋನಿನ ಚಿಕ್ಕ ಪರದೆಯಲ್ಲಿ ಹೇಗೋ ನಡೆಯುತ್ತದೆ. ಎಂಟು, ಹತ್ತು ಇಂಚಿನ ಟ್ಯಾಬಿನಲ್ಲಿ ಜಾಗ ಹೆಚ್ಚು, ದೂಳು ಕೂರುವ ಅವಕಾಶವೂ ಅಷ್ಟೇ ಹೆಚ್ಚು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಕೋವಿಡ್‌ನ ಎರಡನೇ ಅಲೆಯ ಹೊತ್ತಿನಲ್ಲಿ, ಜೂನ್ 2021ರಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯಿಂದ ಬಸ್ಸು ಹಿಡಿದು ಸರ್ಕಾರಿ ಕಾಲೇಜಿಗೆ ಬರುವ ಹುಡುಗ ಹುಡುಗಿಯರಲ್ಲಿ ಅನೇಕರ ಮನೆಗೆ ಬಂದ ಮೊದಲ ಕಂಪ್ಯೂಟರ್ ಅದೇ. ಅಣ್ಣ ಓದಿ ಮುಗಿಸಿದ ಮೇಲೆ ತಂಗಿಯ ಕೈಗೆ ಹೋಗುವ ವಸ್ತು. ಅದರ ಪರದೆ ಒಡೆದರೆ ಹೊಸದನ್ನು ಕೂರಿಸುವ ಖರ್ಚಿಗೆ ಶೇಂಗಾ ಮಾರಿದ ದುಡ್ಡಿನಲ್ಲಿ ಪಾಲು ತೆಗೆಯಬೇಕು. ಅವರು ನಿಮ್ಮ ಗಾಜಿಗೆ ಕೊಡುವ ಹಣ ನಿಮಗೆ ಸಣ್ಣದಿರಬಹುದು, ಅವರಿಗೆ ಸಣ್ಣದಲ್ಲ.

ನಿಮ್ಮ ಗಾಜಿನಿಂದ ಉಪಯೋಗ ಇಲ್ಲವೆನ್ನುತ್ತಿಲ್ಲ. ಇದೆ, ಚೆನ್ನಾಗಿಯೇ ಇದೆ. ಒಳ್ಳೆಯ ಟೆಂಪರ್ಡ್ ಗ್ಲಾಸನ್ನು ಕಾದು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಗಾಜಿನ ಮೇಲ್ಮೈಯ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ತುರುಕಿಕೊಳ್ಳುತ್ತವೆ. ಆ ಒತ್ತಡದಿಂದ ಗಾಜು ಸುಲಭವಾಗಿ ಬಿರುಕು ಬಿಡುವುದಿಲ್ಲ. ಟ್ಯಾಬ್ ಕೈಜಾರಿದಾಗ ಏಟಿನ ಒಂದಷ್ಟು ಪಾಲನ್ನು ಮೇಲಿನ ಗಾಜು ತಾನು ತಿಂದು ಒಡೆಯುತ್ತದೆ, ಕೆಳಗಿನದು ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಬೆಣಚಿನ ಗೀರು ಕೂಡ ಮೊದಲು ಅದರ ಮೇಲೆಯೇ ಬೀಳುತ್ತದೆ. ಗೀರಿಸಿಕೊಳ್ಳುವುದೇ ಅದರ ಕೆಲಸ. ಗೀರು ಬಿದ್ದ ಗ್ಲಾಸನ್ನು ಕಿತ್ತು ಹೊಸದು ಹಾಕಬೇಕೆಂದು ನೇರವಾಗಿ ಬರೆದರೆ ನಿಮ್ಮ ಮಾನ ಹೋಗುವುದಿಲ್ಲ.

ಯಾವುದನ್ನು ಕೊಳ್ಳಬೇಕೆಂದು ಕೇಳುವ ಮಕ್ಕಳಿಗೆ, ನಿಮ್ಮ ಡಬ್ಬಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ, ಕಾಲೇಜಿನಲ್ಲಿ ಕೂತು ಓದುವವರಿಗೆ ಸಾದಾ ಪಾರದರ್ಶಕ ಟೆಂಪರ್ಡ್ ಗ್ಲಾಸ್ ಸಾಕು. ಬಯಲಲ್ಲಿ, ಬಿಸಿಲಲ್ಲಿ ಬಳಸುವವರಿಗೆ ಮ್ಯಾಟ್ ಹಾಳೆ ಅನುಕೂಲ. ಪ್ರತಿಫಲನ ಕಡಿಮೆಯಾಗುತ್ತದೆ, ಆದರೆ ಸಣ್ಣ ಅಕ್ಷರ ತುಸು ಮಸುಕಾಗಿ ಕಾಣುತ್ತದೆ. ಅಂಗಡಿಯಲ್ಲಿ ಹೆಚ್ಚು ಓಡಾಡದ ಮಾದರಿಯ ಟ್ಯಾಬಿಗೆ ಅಳತೆಯ ಗಾಜು ಸಿಗದಿದ್ದರೆ, ಯಂತ್ರದಲ್ಲಿ ಕತ್ತರಿಸಿ ಅಂಟಿಸುವ ಮೆತ್ತನೆಯ ಫಿಲ್ಮ್ ಇದೆ. ಅದು ಬೇಗ ಗೀರಾಗುತ್ತದೆ, ಬಿದ್ದ ಏಟನ್ನು ಗಾಜಿನಷ್ಟು ತಡೆಯುವುದಿಲ್ಲ, ಆದರೂ ಬರಿಯ ಪರದೆಗಿಂತ ಮೇಲು. ಬೇರೆ ಟ್ಯಾಬಿನ ಗಾಜನ್ನು ಹೊಂದಿಸಿ ಹಾಕಿಸಿಕೊಳ್ಳಬೇಡಿ. ಇಂಚು ಒಂದೇ ಇದ್ದರೂ ಕ್ಯಾಮೆರಾದ ಜಾಗ, ಅಂಚಿನ ತಿರುವು ಬೇರೆ ಇರುತ್ತದೆ. ಸೆಟ್ಟಿಂಗ್ಸ್‌ನ ‘ಅಬೌಟ್ ಟ್ಯಾಬ್ಲೆಟ್’ನಲ್ಲಿರುವ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ. ಪಕ್ಕದವರಿಗೆ ಕಾಣದಂತೆ ಮಾಡುವ ಪ್ರೈವಸಿ ಗ್ಲಾಸ್ ಓದುವ ಟ್ಯಾಬಿಗೆ ಬೇಡ. ಬೆಳಕು ತಗ್ಗುತ್ತದೆ, ಬೆಳಕು ಏರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ.

‘ಕಣ್ಣು ಕಾಪಾಡುವ ನೀಲಿ ತಡೆ’ ಎಂದು ಹೆಚ್ಚು ಬೆಲೆಗೆ ಮಾರುವ ಗಾಜಿನ ಬಗ್ಗೆ ನನಗೆ ಸಿಟ್ಟಿದೆ. ಮಕ್ಕಳ ಕಣ್ಣಿನ ಚಿಂತೆ ತಾಯಂದಿರ ಕೈಯನ್ನು ಪರ್ಸಿಗೆ ಹೋಗುವಂತೆ ಮಾಡುತ್ತದೆ, ಅದು ನಿಮಗೆ ಗೊತ್ತು. ನೀಲಿ ಬೆಳಕು ತಡೆಯುವ ಕನ್ನಡಕಗಳ ಮೇಲೆ ನಡೆದ 17 ಪ್ರಯೋಗಗಳನ್ನು 2023ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಾಗಿ ನೋಡಿತು. ಪರದೆ ನೋಡಿ ಆಗುವ ಕಣ್ಣಿನ ದಣಿವು ಅವುಗಳಿಂದ ಅಲ್ಪಾವಧಿಯಲ್ಲಿ ಬಹುಶಃ ಕಡಿಮೆಯಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಅದೇ ಆಸೆ ತೋರಿಸಿ ಮಾರುವ ನಿಮ್ಮ ಗಾಜಿಗೆ ಯಾವ ಆಧಾರವಿದೆ? ಕಣ್ಣಿಗೆ ವಿರಾಮ ಕೊಡಲು ದುಡ್ಡು ಬೇಕಿಲ್ಲ.

ಇನ್ನು ಅಂಟಿಸುವ ಕೆಲಸ. ಡಬ್ಬಿಯೊಳಗಿನ ಚೀಟಿಯಲ್ಲಿ ನಾಲ್ಕು ಚಿತ್ರ ಹಾಕಿ ಮುಗಿಸಿದ್ದೀರಿ. ಅವು ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ಬರೆದ ಚಿತ್ರಗಳು. ರಸ್ತೆಗೆ ತೆರೆದ ಅಂಗಡಿ, ತಲೆಯ ಮೇಲೆ ಫ್ಯಾನು, ಎದುರಿಗೆ ಹಾಯುವ ಲಾರಿ ಇರುವಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲೇ ಹಾಕಿಸುವುದಾದರೆ, “ಒಂದೆರಡು ನಿಮಿಷ ಫ್ಯಾನ್ ಆಫ್ ಮಾಡಣ್ಣ” ಎಂದು ಕೇಳಬೇಕು. ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಮನೆಯಲ್ಲಾದರೆ ಬಚ್ಚಲುಮನೆಯೇ ಸರಿಯಾದ ಜಾಗ. ಹಂಡೆಯ ಬಿಸಿನೀರನ್ನು ನೆಲಕ್ಕೆ ಸುರಿದು ಬಾಗಿಲು ಹಾಕಿ. ಹಬೆ ಗಾಳಿಯ ದೂಳನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಹಬೆ ಪೂರ್ತಿ ಇಳಿದು ಗಾಜಿನ ಮೇಲೆ ಮಂಜು ಕಟ್ಟದಂತಾದ ಮೇಲೆ ಟ್ಯಾಬನ್ನು ಆಫ್ ಮಾಡಿ ಒಳಗೆ ಒಯ್ಯಿರಿ. ಉಣ್ಣೆಯ ಬಟ್ಟೆ ತೊಟ್ಟು ಕೂರಬೇಡಿ. ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ.

ಪರದೆಯನ್ನು ಒರೆಸುವ ಮೊದಲು ಊದಿ, ಮೆತ್ತನೆಯ ಬ್ರಷ್ಷಿನಿಂದ ಮರಳು ಕಣಗಳನ್ನು ಉದುರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸೀರೆಯ ಸೆರಗು, ಅಂಗಿಯ ಚುಂಗು, ಹೆಗಲ ಟವೆಲ್ ತೆಗೆದುಕೊಂಡು ಒತ್ತಿ ಉಜ್ಜಿದರೆ ಬೆಣಚಿನ ಕಣವನ್ನು ಪರದೆಯ ಉದ್ದಕ್ಕೂ ಎಳೆದ ಹಾಗಾಗುತ್ತದೆ. ಕಾಪಾಡಲು ಹೊರಟ ಪರದೆಗೆ ಗೀರು ಬೀಳುವುದು ಆ ಗಳಿಗೆಯಲ್ಲೇ. ಕಣ ಉದುರಿದ ಮೇಲೆ ಡಬ್ಬಿಯಲ್ಲಿರುವ ಒದ್ದೆ ವೈಪ್‌ನಿಂದ ಜಿಡ್ಡು ತೆಗೆದು, ಒಣ ಬಟ್ಟೆಯಿಂದ ಒರೆಸಿ. ಬಳಿಕ ಓರೆಯಾಗಿ ಬೆಳಕು ಬಿಟ್ಟು ನೋಡುತ್ತ, ಕಂಡ ಪ್ರತಿ ಕಣವನ್ನೂ ಅಂಟುಪಟ್ಟಿಯಿಂದ ಎತ್ತಿ.

ಗಾಜಿನ ಹಿಂದಿನ ಹಾಳೆಯನ್ನು ಈಗಲೇ ತೆಗೆಯಬೇಡಿ. ಮೊದಲು ಹಾಗೆಯೇ ಪರದೆಯ ಮೇಲಿಟ್ಟು ಕ್ಯಾಮೆರಾದ ತೂತು, ನಾಲ್ಕೂ ಅಂಚು ಹೊಂದಿಸಿ. ಉದ್ದದ ಒಂದು ಪಕ್ಕಕ್ಕೆ ಎರಡು ಕಡೆ ಟೇಪು ಹಚ್ಚಿದರೆ ಗಾಜು ಬಾಗಿಲಿನಂತೆ ತೆರೆದು ಮುಚ್ಚಿಕೊಳ್ಳುತ್ತದೆ, ಜಾಗ ತಪ್ಪುವುದಿಲ್ಲ. ಈಗ ತೆರೆದು ಹಾಳೆ ಕೀಳಿ. ರಭಸದಿಂದ ಕಿತ್ತರೆ ಸ್ಥಿರವಿದ್ಯುತ್ ಹುಟ್ಟಿ ಸುತ್ತಲಿನ ದೂಳನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ನಿಧಾನವಾಗಿ. ಗಾಜನ್ನು ಇಳಿಬಿಟ್ಟು ನಡುವೆ ಒಂದು ಬೆರಳು ಒತ್ತಿದರೆ ಅಂಟು ತಾನಾಗಿ ಹರಡಿಕೊಳ್ಳುತ್ತದೆ. ಉಳಿದ ಗಾಳಿಗುಳ್ಳೆಯನ್ನು ಬಟ್ಟೆ ಸುತ್ತಿದ ಎಟಿಎಂ ಕಾರ್ಡಿನಿಂದ ಅಂಚಿನತ್ತ ತಳ್ಳಿ. ತಳ್ಳಿದರೂ ಹೋಗದ ಗುಳ್ಳೆಯ ನಡುವೆ ಚುಕ್ಕೆ ಕಂಡರೆ ಅದು ದೂಳು. ಆ ಮೂಲೆಯನ್ನಷ್ಟೇ ಟೇಪಿನಿಂದ ಎತ್ತಿ, ಇನ್ನೊಂದು ಟೇಪಿನಿಂದ ಕಣ ತೆಗೆದು ಮತ್ತೆ ಕೂರಿಸಿ. ಒಡೆದ ಹಳೆಯ ಗಾಜನ್ನು ಕೀಳುವಾಗ ಮೊದಲು ಅದರ ಮೇಲೆಲ್ಲ ಟೇಪು ಅಂಟಿಸಿಕೊಂಡರೆ ಚೂರು ಬೆರಳಿಗೆ ಚುಚ್ಚುವುದಿಲ್ಲ.

ಮಾನ್ಯರೇ, ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯಾಗಿ ಅಚ್ಚು ಹಾಕಿಸುವುದು ನಿಮಗೆ ಭಾರವೇ? ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ, ಇವು ಡಬ್ಬಿಯ ಮೇಲೆ ಇರಲೇಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಾಗೆ ಮಾಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೇನೆ.

ನಿಮ್ಮ ಗಾಜನ್ನು ಪರೀಕ್ಷಿಸಬೇಕೆಂದಿದ್ದರೆ ಇಲ್ಲಿಗೆ ಬನ್ನಿ. ಡಿಆರ್‌ಡಿಒ ತನ್ನ ಚಾಲಕರಹಿತ ವಿಮಾನಗಳನ್ನು ಹಾರಿಸಿ ನೋಡುವುದು ಚಳ್ಳಕೆರೆಯ ಬಯಲಿನಲ್ಲೇ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಆ ಶಿಕ್ಷಕರ ಮುಂದೆ ನಿಮ್ಮ 9ಎಚ್ ಗಾಜಿನ ಮೇಲೆ ನಮ್ಮ ಮರಳು ಉಜ್ಜಿ ತೋರಿಸಿ. ಬಂದ ಫಲಿತಾಂಶವನ್ನೇ ಡಬ್ಬಿಯ ಮೇಲೆ ಹಾಕಿ: ‘ಬಿದ್ದಾಗ ಪರದೆಗೆ ಆಸರೆ. ಮರಳಿನಿಂದ ಗೀರು ಬೀಳುತ್ತದೆ. ಗೀರಾದರೆ ಬದಲಿಸಿ.’ ಜೊತೆಗೆ ಡಬ್ಬಿಯಲ್ಲಿ ಒಂದರ ಬದಲು ಎರಡು ಗಾಜು ಇಡಿ, ಏಕೆಂದರೆ ಮೊದಲನೆಯದು ನಮ್ಮ ಆಷಾಢ ದಾಟುವುದು ಕಷ್ಟ.

ಇಂತಿ,
ಚಳ್ಳಕೆರೆಯ ಒಬ್ಬ ಗ್ರಾಹಕ