ನವಶೀಲ ನಿರ್ಣಯ: ದಾಳದಾಟದ ಧರ್ಮಶಾಸ್ತ್ರಕ್ಕೊಂದು ಕಿರುಭಾಷ್ಯ

ಮನುಷ್ಯರ ಸ್ವಭಾವ ಎಷ್ಟು ಬಗೆ ಎಂಬ ಪ್ರಶ್ನೆ ಬಹಳ ಹಳೆಯದು. ಸಾಂಖ್ಯರು ಗುಣ ಮೂರು ಎಂದರು, ಆಮೇಲೆ ಮಿಶ್ರಣಕ್ಕೆ ಬಾಗಿಲು ತೆರೆದಿಟ್ಟು ಮೆಲ್ಲಗೆ ಜಾರಿಕೊಂಡರು. ಉಳಿದವರಲ್ಲಿ ಹಲವರು ಅಂಕಿಯ ತಂಟೆಗೇ ಹೋಗಲಿಲ್ಲ. ವಿಷಯ ಕಡೆಗೆ ಇತ್ಯರ್ಥವಾದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ. ಉತ್ತರ: ಒಂಬತ್ತು.

ಉತ್ತರ ಕೊಟ್ಟ ಗ್ಯಾರಿ ಗೈಗ್ಯಾಕ್ಸ್ ಋಷಿಯಲ್ಲ. ವಿಮಾ ಕಂಪನಿಯಲ್ಲಿ ಅಂಡರ್‌ರೈಟರ್ ಆಗಿದ್ದು, ಆ ಕೆಲಸ ಹೋದ ಮೇಲೆ ಕೆಲಕಾಲ ಬೂಟು ರಿಪೇರಿ ಮಾಡಿದವರು. ಪೂರ್ವಸೂರಿಗಳು ಈ ಸಂಗತಿಯನ್ನು ಜೀವನಚರಿತ್ರೆಯ ಮೂಲೆಗೆ ತಳ್ಳಿದ್ದಾರೆ. ಇದೇ ಶಾಸ್ತ್ರದ ಕೀಲಿಕೈ ಎಂಬುದು ನಮ್ಮ ವಿನಮ್ರ ಮತ. ನೀತಿಶಾಸ್ತ್ರ 'ನೀನು ಏನು ಮಾಡಿದೆ?' ಎಂದು ಕೇಳುತ್ತದೆ. ವಿಮೆಯವರು 'ನೀವು ಎಂಥವರು? ಇಲ್ಲಿ ಗುರುತು ಹಾಕಿ' ಎನ್ನುತ್ತಾರೆ. ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಗೈಗ್ಯಾಕ್ಸ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಪಾತ್ರದ ಹಾಳೆಯಲ್ಲಿ ಅಲೈನ್‌ಮೆಂಟ್ (ಶೀಲ) ಎಂಬ ಅಂಕಣವನ್ನು ಮೊದಲ ಕೊಲೆಗೂ ಮುಂಚೆಯೇ ತುಂಬಬೇಕು. ಇಲ್ಲಿ ಕರ್ಮಕ್ಕಿಂತ ಫಾರಂ ಮೊದಲು.

ಗ್ರಂಥಪರಂಪರೆಯನ್ನು ಚುಟುಕಾಗಿ ನೋಡೋಣ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಪ್ರಕಟಿಸಿದ ಮೂಲಸಂಹಿತೆಯಲ್ಲಿ ಪಕ್ಷಗಳು ಮೂರೇ: ಕಟ್ಟಳೆ, ಗೊಂದಲ, ನಡುವೆ ತಟಸ್ಥ. ಈ ಜಗಳ ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್ಕಾಕ್ ಅವರ ಕಾದಂಬರಿಗಳಿಂದ ಬಂದ ಕಡ. 1976ರ ಲೇಖನವೊಂದರಲ್ಲಿ ಗೈಗ್ಯಾಕ್ಸ್ ಒಳಿತು-ಕೇಡು ಎಂಬ ಅಡ್ಡಗೆರೆಯನ್ನೂ ಎಳೆದರು. 1977ರ ಬೇಸಿಕ್ ಸೆಟ್‌ನಲ್ಲಿ ಐದಾದದ್ದು 1978ರ ಹೊತ್ತಿಗೆ ಒಂಬತ್ತಾಯಿತು. 2008ರ ನಾಲ್ಕನೆಯ ಆವೃತ್ತಿ ಅದನ್ನು ಮತ್ತೆ ಐದಕ್ಕಿಳಿಸಿತು, 2014ರ ಐದನೆಯದು ಮರಳಿ ಒಂಬತ್ತಕ್ಕೇರಿಸಿತು. ನಡುವಿನ ಆರು ವರ್ಷ ಮನುಕುಲದ ನಾಲ್ಕು ಸ್ವಭಾವಗಳು ಎಲ್ಲಿ ತಲೆಮರೆಸಿಕೊಂಡಿದ್ದವು ಎಂಬ ಪೂರ್ವಪಕ್ಷಕ್ಕೆ ಯಾರೂ ಸಮಾಧಾನ ಹೇಳಿಲ್ಲ. ಗೈಗ್ಯಾಕ್ಸ್ ತೀರಿಕೊಂಡದ್ದು 2008ರ ಮಾರ್ಚ್‌ನಲ್ಲಿ, ಕಡಿತ ಜಾರಿಯಾದದ್ದು ಜೂನ್‌ನಲ್ಲಿ. ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ.

ಒಂಬತ್ತು ಶೀಲಗಳು ನಮ್ಮ ದೇವಸ್ಥಾನದ ನವಗ್ರಹಗಳ ಹಾಗೆ ಮೂರು ಸಾಲಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿವೆ. ಒಂದು ತುದಿಯಲ್ಲಿ ಲಾಫುಲ್ ಗುಡ್ (ಕಟ್ಟಳೆ-ಒಳಿತು), ಅಂದರೆ ರಸೀದಿ ಕೊಟ್ಟು ಉಪಕಾರ ಮಾಡುವವನು. ಎದುರು ತುದಿಯಲ್ಲಿ ಕೇಯಾಟಿಕ್ ಈವಿಲ್ (ಗೊಂದಲ-ಕೇಡು). ಅವನ ವ್ಯಾಖ್ಯಾನ ಬೇಕಿಲ್ಲ, ಪ್ರತಿ ಆಟದ ಗುಂಪಿನಲ್ಲೂ ಒಬ್ಬ ಇರುತ್ತಾನೆ ಮತ್ತು ಅವನೇ ತಿಂಡಿ ತರುವುದನ್ನು ಮರೆಯುವವನು. ಸೂರ್ಯನಿರಬೇಕಾದ ನಟ್ಟನಡುವಿನ ಜಾಗದಲ್ಲಿ ಟ್ರೂ ನ್ಯೂಟ್ರಲ್ (ಅಪ್ಪಟ ತಟಸ್ಥ) ಇದ್ದಾನೆ. ಶಾಸ್ತ್ರದ ನಿಜವಾದ ಸೊಗಸು ಅಲ್ಲಿದೆ.

ಈತನಿಗೆ ಒಳಿತು ಗೆದ್ದರೂ ಸಂಕಟ, ಕೇಡು ಗೆದ್ದರೂ ಸಂಕಟ, ತಕ್ಕಡಿ ಸಮವಾಗಿರಬೇಕು. 1989ರ ಎರಡನೆಯ ಆವೃತ್ತಿ ಇದಕ್ಕೆ ಡ್ರೂಯಿಡ್ ಎಂಬ ಪ್ರಕೃತಿಪೂಜಕನೊಬ್ಬನ ದೃಷ್ಟಾಂತ ಕೊಡುತ್ತದೆ. ಕತ್ತೆಕಿರುಬದ ಮೋರೆಯ ನಾಲ್‌ಗಳು ದುಷ್ಟ ಜೀವಿಗಳು. ಅವುಗಳನ್ನು ಅಡಗಿಸಲು ಡ್ರೂಯಿಡ್ ಸ್ಥಳೀಯ ದೊರೆಯ ಪಕ್ಷ ಸೇರಿ ಹೋರಾಡುತ್ತಾನೆ. ನಾಲ್‌ಗಳು ಇನ್ನೇನು ನಿರ್ನಾಮವಾಗಬೇಕು ಎನ್ನುವಾಗ ಆಯುಧ ಕೆಳಗಿಟ್ಟು ಹೊರನಡೆಯುತ್ತಾನೆ, ಇಲ್ಲವೇ ಅವುಗಳ ಕಡೆಗೇ ಹೋಗಿ ನಿಲ್ಲುತ್ತಾನೆ. ಪುಸ್ತಕ ಇದನ್ನು ಆಟಗಾರನ ಮಾರ್ಗದರ್ಶನಕ್ಕೆಂದು, ಗಂಭೀರವಾಗಿ, ಬರೆದಿದೆ. ನಿನ್ನೆಯವರೆಗೆ ಪಕ್ಕದಲ್ಲಿ ನಿಂತು ಹೊಡೆದಾಡಿದ ಆ ದೊರೆಯ ಕಡೆಯವರು ಮಾರನೆಯ ಬೆಳಿಗ್ಗೆ ಇವನಿಗೆ ಏನೆಂದರು ಎಂಬುದರ ಬಗ್ಗೆ ಗ್ರಂಥ ಮೌನ ತಾಳುತ್ತದೆ. ಪಾಠಲೋಪವಿರಬಹುದು.

ಕೇಯಾಟಿಕ್ ನ್ಯೂಟ್ರಲ್ (ಗೊಂದಲ-ತಟಸ್ಥ) ಪ್ರಕರಣದಲ್ಲಿ ಮಾತ್ರ ಗ್ರಂಥಕರ್ತರು ಎಚ್ಚೆತ್ತುಕೊಂಡರು. 'ನನ್ನ ಪಾತ್ರದ ಸ್ವಭಾವವೇ ಹಾಗೆ' ಎಂಬ ಒಂದೇ ವಾಕ್ಯ ಹಿಡಿದು ಜೊತೆಗಾರರ ಜೇಬು ಕತ್ತರಿಸಿದವರ ಉಪಟಳ ಎಷ್ಟಿತ್ತೋ ಏನೋ. ಇಂಥವನು ಸೇತುವೆ ದಾಟುವಷ್ಟೇ ಸಲೀಸಾಗಿ ಸೇತುವೆಯಿಂದ ಕೆಳಗೆ ಹಾರುವವನಲ್ಲ ಎಂದು ಮೂರನೆಯ ಆವೃತ್ತಿ ಸ್ಪಷ್ಟೀಕರಣ ಕೊಡಬೇಕಾಯಿತು. ಸ್ಪಷ್ಟೀಕರಣ ಹೊರಡಿಸಬೇಕಾದರೆ ಎಲ್ಲೋ ಯಾರೋ ಹಾರಿರಲೇಬೇಕು ಎಂಬುದು ಅರ್ಥಾಪತ್ತಿ ಪ್ರಮಾಣದಿಂದ ಸಿದ್ಧ.

ಮೊದಲ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಪ್ರತಿ ಶೀಲಕ್ಕೂ ಅದರದೇ ಗುಪ್ತಭಾಷೆಯಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳು ನಂಬುವುದಿಲ್ಲ. ಯಾರೂ ಕಲಿಸಬೇಕಿಲ್ಲ; ಸಜ್ಜನನಾದರೆ ಸಜ್ಜನರ ಭಾಷೆ ಬಾಯಿಗೆ ಬಂತು. ಶೀಲ ಬದಲಾದರೆ ಆ ಭಾಷೆ ಮರೆತುಹೋಯಿತು, ಮೇಲೆ ಒಂದು ಲೆವೆಲ್ ದಂಡ. ಮನಃಪರಿವರ್ತನೆಗೆ ದಂಡ ವಿಧಿಸುವ ಧರ್ಮಶಾಸ್ತ್ರ ವಿಚಿತ್ರ ಎಂದು ಕೆಲವರು ಆಕ್ಷೇಪಿಸುತ್ತಾರೆ. ವಿಮೆ ಅರ್ಜಿಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದವರು ಆಕ್ಷೇಪಿಸುವುದಿಲ್ಲ.

ನ್ಯಾಯಾಂಗದ ವಿಷಯದಲ್ಲಿ ಪ್ಯಾಲಡಿನ್ ಎಂಬ ಧರ್ಮಯೋಧನಿಗೆ ಹಳೆಯ ಆವೃತ್ತಿಗಳಲ್ಲಿ ಅರವತ್ತು ಅಡಿ ದೂರದಿಂದಲೇ ಕೇಡನ್ನು ಗುರುತಿಸುವ ಶಕ್ತಿಯಿತ್ತು. ಸಾಕ್ಷಿ, ಪಂಚನಾಮೆ, ಪಾಟೀಸವಾಲು ಯಾವುದೂ ಬೇಕಿರಲಿಲ್ಲ. ಬಡ್ಡಿ ವ್ಯಾಪಾರಿಯೊಬ್ಬ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಕೇಡು ಕೇಡೇ. ಆಗ ಕತ್ತಿ ಹಿರಿಯಬಹುದೇ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಆಟಗಳು ರಾತ್ರಿಯಿಡೀ ನಿಂತುಹೋಗಿವೆ. ಡ್ರ್ಯಾಗನ್ ಗುಹೆಯಲ್ಲಿ ಕಾದೂ ಕಾದೂ ನಿದ್ದೆಹೋಗಿದೆ.

ಫಾರಂ ಬೇಡ, ನಡತೆಯನ್ನೇ ಲೆಕ್ಕಹಾಕೋಣ ಎಂಬ ಕರ್ಮವಾದಿಗಳೂ ಇದ್ದರು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ರಚಿಸಿದ ಕಂಪ್ಯೂಟರ್ ಆಟ 'ಅಲ್ಟಿಮಾ 4'ರಲ್ಲಿ ಎಂಟು ಸದ್ಗುಣಗಳ ಲೆಕ್ಕ ಒಳಗೊಳಗೇ ನಡೆಯುತ್ತದೆ. ಮದ್ದಿನ ಬೇರು ಮಾರುವಾಕೆಗೆ ಕಣ್ಣು ಕಾಣುವುದಿಲ್ಲ; ಎಷ್ಟು ನಾಣ್ಯ ಎಣಿಸಿಟ್ಟೆ ಎಂದು ನೀವೇ ಹೇಳಬೇಕು. ಕಡಿಮೆ ಇಟ್ಟರೆ ಆಕೆ ಏನೂ ಅನ್ನುವುದಿಲ್ಲ, ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ಎಲ್ಲರೂ ಪೂರ್ತಿ ದುಡ್ಡು ಕೊಟ್ಟರು. ಅದು ಪ್ರಾಮಾಣಿಕತೆಯೋ ಆಡಿಟ್ ಭಯವೋ ಎಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. 1998ರ 'ಬಾಲ್ಡರ್ಸ್ ಗೇಟ್' ಇನ್ನೂ ಲೌಕಿಕ: ಹೆಸರು ಕೆಟ್ಟರೆ ದೇವಾಲಯಕ್ಕೆ ಹಣ ಕಟ್ಟಿ ಸರಿಪಡಿಸಿಕೊಳ್ಳಬಹುದು. ಆದರೆ ಹೆಸರು ತೀರಾ ಒಳ್ಳೆಯದಾದರೆ ತಂಡದ ದುಷ್ಟರು ಮೊದಲು ಗೊಣಗುತ್ತಾರೆ, ಆಮೇಲೆ ಗಂಟು ಕಟ್ಟಿಕೊಂಡು ಹೊರಟೇಬಿಡುತ್ತಾರೆ. ಸಿದ್ಧಾಂತಕ್ಕಾಗಿ ಕೆಲಸ ಬಿಟ್ಟವರು ಇಡೀ ಆಟದಲ್ಲಿ ಇವರಷ್ಟು ನೇರ ಇನ್ಯಾರೂ ಇಲ್ಲ.

ಉಳಿದಿರುವುದು ಶಿರಸ್ತ್ರಾಣ ಪ್ರಕರಣ. ಹಳೆಯ ಆವೃತ್ತಿಗಳ 'ಹೆಲ್ಮ್ ಆಫ್ ಆಪೊಸಿಟ್ ಅಲೈನ್‌ಮೆಂಟ್' ನೋಡಲು ಮಾಮೂಲಿ ಲೋಹದ ಟೋಪಿ. ತಲೆಗಿಟ್ಟರೆ ಶೀಲ ತಲೆಕೆಳಗು. ಸಂತ ಕಟುಕನಾಗುತ್ತಾನೆ, ಕಟುಕ ಸಂತ. ಸ್ವಾರಸ್ಯವೆಂದರೆ ಬದಲಾದವನಿಗೆ ಹೊಸ ಶೀಲ ತುಂಬ ಹಿಡಿಸುತ್ತದೆ, ಹಳೆಯದಕ್ಕೆ ಮರಳುವ ಮಾತೆತ್ತಿದರೆ ಮೈ ನಡುಗುತ್ತದೆ. ಹಾಗಿರಲು, ಶೀಲವುಳ್ಳ ಮಾಯಾಖಡ್ಗವನ್ನು ಕೈಯಲ್ಲಿ ಹಿಡಿದ ಪ್ಯಾಲಡಿನ್ ಮಳೆ ಬಂತೆಂದು ಈ ಟೋಪಿ ಹಾಕಿಕೊಂಡನೆಂದಿಟ್ಟುಕೊಳ್ಳಿ. ಅನ್ಯಶೀಲದವನು ಮುಟ್ಟಿದರೆ ಖಡ್ಗ ಕೈ ಸುಡುತ್ತದೆ. ಅದು ಸಜ್ಜನರ ಗುಪ್ತಭಾಷೆಯಲ್ಲಿ ಬೈಯಲಾರಂಭಿಸಿದರೆ, ಆ ಭಾಷೆಯನ್ನು ಈಗಷ್ಟೇ ಮರೆತಿರುವ ಅವನಿಗೆ ಬೈಗುಳ ತಗುಲಿತೆಂದು ಲೆಕ್ಕವೇ, ಇಲ್ಲವೇ? ಇದರ ಮೇಲೆ ಹೋದ ವಾರ ನಮ್ಮ ಟೇಬಲ್ಲಿನಲ್ಲಿ ಮತಕ್ಕೆ ಹಾಕಿದಾಗ ಎರಡಕ್ಕೆ ಎರಡು ಬಂತು, ಡ್ರೂಯಿಡ್ ಆಡುತ್ತಿದ್ದವನು ಯಾವ ಕಡೆಗೂ ಕೈಯೆತ್ತಲಿಲ್ಲ.