ಈಶಾನ್ಯಕ್ಕೆ ಬಂದ ಕಕ್ಕಸು

ಎರಡು ವರ್ಷದಲ್ಲಿ ನಾನು ಹನ್ನೊಂದು ಕ್ಯಾರವಾನುಗಳ ಒಳನಕ್ಷೆ ಬರೆದಿದ್ದೇನೆ. ನನ್ನ ಹೆಸರಿನಲ್ಲಿರುವ ವಾಹನ ಒಂದೇ, ಅದು ಸ್ಕೂಟರು. ಅದರ ಡಿಕ್ಕಿ ತೆಗೆದರೆ ಒಂದು ಅಳತೆ ಟೇಪು, ಒಂದು ಸ್ಕೇಲು, ಮಡಿಸಿ ಮಡಿಸಿ ಸವೆದ ಗ್ರಾಫ್ ಹಾಳೆಗಳು. ಹೆಲ್ಮೆಟ್ಟಿಗೆ ಜಾಗ ಸಾಲದೆ ಕೈಯಲ್ಲಿ ಹಿಡಿದು ಓಡಾಡುತ್ತೇನೆ.

ಈ ರೋಗ ಹತ್ತಿಸಿದವನು ಡಲ್ಲಾಸಿನ ನನ್ನ ಷಡ್ಡಕ. ಬೇಸಿಗೆ ರಜೆಗೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೊರಟವನು ದಾರಿಯಲ್ಲಿ ಸುಮ್ಮನೆ ಹೋಗಬಾರದೇ? ವಿಡಿಯೋ ಕಾಲ್ ಮಾಡಿ, ಫೋನನ್ನು ಮಂಗಳಾರತಿ ತಟ್ಟೆಯಂತೆ ಸುತ್ತಿಸುತ್ತಾ, "ಇದು ಬಂಕ್‌ಹೌಸ್ ಫ್ಲೋರ್‌ಪ್ಲಾನ್ ಬ್ರದರ್, ಮಕ್ಕಳಿರೋರಿಗೆ ಇದೇ ಬೆಸ್ಟು" ಎಂದ. ಹಿಂದೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ಡ್ರೈವರನ ತಲೆಯ ಮೇಲೆ ದೊಡ್ಡವರಿಗೆ ಅಟ್ಟ, ನಡುವೆ ಊಟದ ಮೇಜು. ಗುಂಡಿ ಒತ್ತಿದರೆ ಗೋಡೆಯೇ ಹೊರಗೆ ಜರುಗಿ ಕೋಣೆ ಅಗಲವಾಗುತ್ತದೆ. ಅದನ್ನು ನಾನು ನೋಡುತ್ತಿದ್ದದ್ದು ಹೆಬ್ಬಾಳ ಫ್ಲೈಓವರ್ ಮೇಲೆ, ಕ್ಯಾಬಿನ ಹಿಂದಿನ ಸೀಟಿನಲ್ಲಿ, 40 ನಿಮಿಷದಿಂದ ಒಂದೇ ದೀಪದ ಕಂಬದ ಎದುರು. ಮೂರು ವರ್ಷದ ಮಗ ಸುಸ್ಸು ಎನ್ನುತ್ತಿದ್ದ. ಆರು ವರ್ಷದ ಮಗಳು ಹಸಿವು ಎನ್ನುತ್ತಿದ್ದಳು. ಹೆಂಡತಿ ಏನೂ ಅನ್ನುತ್ತಿರಲಿಲ್ಲ, ಅದು ಎಲ್ಲಕ್ಕಿಂತ ಭಯಂಕರ. ಹೇಗೂ ಅರ್ಧ ಆಯುಷ್ಯ ಈ ರಸ್ತೆಯ ಮೇಲೇ ಸವೆಯುವುದಾದರೆ ಜೊತೆಗೊಂದು ಒಲೆ, ಒಂದು ಹಾಸಿಗೆ, ಒಂದು ಕಕ್ಕಸು ಇದ್ದರೆ ಯಾರಿಗೇನು ನಷ್ಟ ಅನ್ನಿಸಿತು.

ನಮ್ಮ ಕಡೆ ಕ್ಯಾರವಾನ್ ಅಂದರೆ ಸಿನಿಮಾದವರದು. ಸಂಸಾರಸ್ಥರಿಗೆ ಉಳಿದ ದಾರಿ ಟೆಂಪೋ ಟ್ರಾವೆಲರ್. ಅದೇ, ದಿಬ್ಬಣಕ್ಕೂ ಧರ್ಮಸ್ಥಳಕ್ಕೂ ಹೋಗುವ ಫೋರ್ಸ್ ಗಾಡಿ. ಅದರ ಉದ್ದನೆಯ ಮಾದರಿಯಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 4020 ಮಿಲಿಮೀಟರ್. ಸೀಟೆಲ್ಲ ಕಿತ್ತ ಒಂದು ಗಾಡಿಯೊಳಗೆ ನುಗ್ಗಿ ಅಳೆದಾಗ ಡ್ರೈವರನ ಬೆನ್ನಿನಿಂದ ಹಿಂಬಾಗಿಲಿಗೆ ನನ್ನ ಟೇಪಿಗೆ ಸಿಕ್ಕಿದ್ದು ಸುಮಾರು 14 ಅಡಿ. ಅಗಲ 6 ಅಡಿ ಅಂದರೆ ಉದಾರ ಮನಸ್ಸಿನ ಮಾತು. ಯಲಹಂಕ ನ್ಯೂಟೌನಿನ ನಮ್ಮ ಅಡುಗೆಮನೆಯಷ್ಟು ಜಾಗ. ಅದರಲ್ಲಿ ಇಬ್ಬರು ದೊಡ್ಡವರು, ಇಬ್ಬರು ಚಿಕ್ಕವರು, ಜೊತೆಗೆ "ನಾನು ಎಲ್ಲಿಗೂ ಬರಲ್ಲಪ್ಪ" ಎಂದು ಮೊದಲು ಚೀಲ ತುಂಬಿಕೊಳ್ಳುವ ಅಮ್ಮ.

ಮೊದಲ ಆರು ನಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್ಲದರಲ್ಲೂ ಮೇಜು ಇಳಿಸಿ ಮೆತ್ತೆ ಜೋಡಿಸಿದರೆ ಹಾಸಿಗೆಯಾಗುತ್ತಿತ್ತು. ರೈಲಿನಲ್ಲಿ ಸೈಡ್ ಲೋಯರ್ ಸಿಕ್ಕಿ ಯಶವಂತಪುರದಿಂದ ಹುಬ್ಬಳ್ಳಿಗೆ ಹೋದವರಿಗೆ ಈ ಏರ್ಪಾಟಿನ ಮರ್ಮ ಗೊತ್ತು: ನಡುವಿನ ಆ ಸಂದು ಸೊಂಟದ ಎಷ್ಟನೇ ಮೂಳೆಗೆ ಬರುತ್ತದೆಂದು ವೈದ್ಯರಿಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ನಿಜವಾದ ದೋಷ ಹಿಡಿದದ್ದು ಹೆಂಡತಿ. "ಮಕ್ಕಳು ಎಂಟು ಗಂಟೆಗೆ ಮಲಗ್ತಾರೆ. ಮೇಜೇ ಹಾಸಿಗೆ ಆದಮೇಲೆ ನಾವಿಬ್ರೂ ಎಲ್ಲಿ ಕೂರೋದು?" ಡ್ರೈವರ್ ಸೀಟಿನಲ್ಲಿ, ದೀಪ ಆರಿಸಿಕೊಂಡು, ಪಿಸುಗುಟ್ಟುತ್ತಾ ಅಂದೆ. ಹದಿನಾಲ್ಕು ಅಡಿಯಲ್ಲಿ ಮಕ್ಕಳಿಗೆ ಸದಾ ಹಾಸಿಯೇ ಇರುವ ಮಂಚ ಬೇಕು, ಅದಕ್ಕೊಂದು ಪರದೆ ಬೇಕು, ಮೇಲಿನ ಮಂಚಕ್ಕೆ ತಡೆಗಂಬಿ ಬೇಕು ಎಂಬ ಜ್ಞಾನ ಏಳನೇ ನಕ್ಷೆಯಲ್ಲಿ ಉದಯಿಸಿತು.

ಎಂಟನೆಯದನ್ನು ಅಮ್ಮ ನೋಡಿದಳು. ಕನ್ನಡಕ ಏರಿಸಿ, ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಪೂರ್ವ ಯಾವುದೋ?" ಎಂದಳು.

ಅದು ಗಾಡಿಯಮ್ಮ, ಅದಕ್ಕೆ ಪೂರ್ವ ಇರಲ್ಲ ಅಂದೆ.

"ಸೂರ್ಯ ಹುಟ್ಟೋದು ಗಾಡಿಗೆ ಕಾಣಲ್ವಾ?"

ವಾದ ಬೆಳೆಸದೆ ನಮ್ಮ ಮನೆಯಿಂದ ಹೊರಟು ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳಕ್ಕೆ ಹೋಗುವುದೆಂದು ಇಟ್ಟುಕೊಂಡೆವು. ಮುಖ ದಕ್ಷಿಣಕ್ಕೆ. ಎಡಗಡೆ ಮುಂದಿರುವ ಅಡುಗೆಕಟ್ಟೆ ಆಗ್ನೇಯಕ್ಕೆ ಬಂತು. ಅಮ್ಮ ತಲೆದೂಗಿದಳು. ಹಿಂದೆ ಬಲಮೂಲೆಯ ಕಕ್ಕಸು ವಾಯವ್ಯಕ್ಕೆ. "ಪರವಾಗಿಲ್ಲ, ಬುದ್ಧಿ ಇದೆ ನಿಂಗೆ." ತಿರುಗಿಸಿ ನಂದಿಬೆಟ್ಟದ ಕಡೆ ಹೊರಟೆವು. ಮುಖ ಉತ್ತರಕ್ಕೆ, ಒಲೆ ವಾಯವ್ಯಕ್ಕೆ, ಕಕ್ಕಸು ಆಗ್ನೇಯಕ್ಕೆ. ಬೆಂಕಿಯ ಮೂಲೆಯಲ್ಲಿ ನೀರು. ಅಮ್ಮನ ಹುಬ್ಬು ಗಂಟಾಯಿತು, ಆದರೂ ಶಾಂತಿ ಮಾಡಿಸಿದರೆ ನಡೆಯುತ್ತದೆ ಎಂದಳು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಬೇಡದ ಕೆಲಸ ಮಾಡಿದೆ. ಹೆಬ್ಬಾಳದಲ್ಲಿ ಬಲಕ್ಕೆ ಹೊರಳಿ, ವರ್ತುಲ ರಸ್ತೆಯಲ್ಲಿ ಬಿಇಎಲ್ ಸರ್ಕಲ್ ದಾಟಿ, ಯಶವಂತಪುರದ ಕಡೆ ಗಾಡಿ ಬಿಟ್ಟೆ. ಮುಖ ಪಶ್ಚಿಮಕ್ಕೆ ತಿರುಗಿತು. ಹಿಂದಿನ ಬಲಮೂಲೆ ಎಲ್ಲಿಗೆ ಬಂತೆಂದು ನಾನು ನೋಡುವ ಮೊದಲೇ ಅಮ್ಮ ಹಾಳೆಯನ್ನು ಕೆಂಡದಂತೆ ಕೆಳಗೆ ಬಿಟ್ಟಳು. ಈಶಾನ್ಯ! ದೇವರ ಮೂಲೆಯಲ್ಲಿ ಕಕ್ಕಸು!

ತೀರ್ಪು ಬಂತು. ಯಶವಂತಪುರದ ಕಡೆ ಹೋಗುವಾಗ ಯಾರೂ ಕಕ್ಕಸಿಗೆ ಹೋಗತಕ್ಕದ್ದಲ್ಲ. ತೀರಾ ಅವಸರವಾದರೆ ಡ್ರೈವರು ಗೊರಗುಂಟೆಪಾಳ್ಯದಲ್ಲಿ ದಕ್ಷಿಣಕ್ಕೆ ತಿರುಗುವವರೆಗೆ ತಡೆದುಕೊಳ್ಳತಕ್ಕದ್ದು. ನಾನೂ ಹೆಂಡತಿಯೂ ಹೊಟ್ಟೆ ಹಿಡಿದು ನಕ್ಕೆವು. ಅಮ್ಮ ನಗಲಿಲ್ಲ.

ಒಂಬತ್ತನೆಯ ನಕ್ಷೆಯನ್ನು ನಿಜ ಅಳತೆಯಲ್ಲೇ ನೋಡಿಬಿಡೋಣ ಎಂದು ತಾರಸಿಯ ಮೇಲೆ ಬರೆದೆವು. ನನ್ನ ಸೀಮೆಸುಣ್ಣದ ಗೆರೆ ಹಾವಿನಂತೆ ಹರಿದದ್ದು ಕಂಡು ಅಮ್ಮ ನನ್ನನ್ನು ಆಚೆ ತಳ್ಳಿ ಅಕ್ಕಿಹಿಟ್ಟು ತಂದು ಹದಿನಾಲ್ಕಡಿ ಗೆರೆಯನ್ನು ಒಂದೇ ಉಸಿರಿಗೆ ಎಳೆದಳು. ಬಾಗಿಲ ಬಳಿ ಒಂದು ಕಮಲ ಕೂಡ ಬಂತು. ರಾತ್ರಿ ಎಲ್ಲರೂ ಅದರೊಳಗೇ ಮಲಗುವುದು, ಗೆರೆ ದಾಟುವಂತಿಲ್ಲ, ಗೋಡೆಯೆಂದರೆ ಗೋಡೆ ಎಂದು ನಿಯಮ ಮಾಡಿದವನು ನಾನು.

ರಾತ್ರಿ ಎರಡು ಗಂಟೆ. "ಅಪ್ಪಾ, ಸುಸ್ಸು."

ಅಡ್ಡ ಮಂಚದಲ್ಲಿ ನಾನು ಮಡಿಸಿದ ಚಾಪೆಯಂತೆ ಮಲಗಿದ್ದೆ. ಎದ್ದು ಮಗನನ್ನು ಎತ್ತಿಕೊಂಡು ಹೆಜ್ಜೆ ಇಟ್ಟೆ. ಕಕ್ಕಸಿನ ಬಾಗಿಲು ನಕ್ಷೆಯ ಪ್ರಕಾರ ಹೊರಕ್ಕೆ ತೆರೆಯಬೇಕು. ಹೊರಕ್ಕೆ ತೆರೆದರೆ ಅದು ಮಗಳ ತಲೆಗೆ ಬಡಿಯುತ್ತದೆ. ಅವಳನ್ನು ಪಾದದಿಂದ ಮೆಲ್ಲಗೆ ಜರುಗಿಸಿದೆ. ಒಳಗೆ ಹೋದೆವು. ಎರಡೂಕಾಲಡಿಗೆ ಎರಡೂಕಾಲಡಿ. ಮಗನನ್ನು ಇಳಿಸಲು ಬಗ್ಗಿದರೆ ನನ್ನ ಹಿಂಭಾಗ ಗೋಡೆಯಾಚೆ, ಅಂದರೆ ಬಳ್ಳಾರಿ ರಸ್ತೆಯ ಮೇಲೆ ಇರುತ್ತದೆ. ಸರಿ, ನಿಂತೇ ಮಾಡಿಸೋಣವೆಂದರೆ, "ಇಲ್ಲಿ ಕಕ್ಕಸಿಲ್ಲಪ್ಪಾ, ಬರೀ ನೆಲ" ಎಂದ. ನ್ಯಾಯವಾದ ಮಾತು. ಕೆಳಮನೆಗೇ ಹೋಗಬೇಕು. ಅದಕ್ಕೆ ಮುಖ್ಯ ಬಾಗಿಲು. ಮುಖ್ಯ ಬಾಗಿಲಿಗೆ ಅಡ್ಡಲಾಗಿ, ಮೇಜು ಹಾಸಿಗೆಯಾಗಿ, ಅದರ ಮೇಲೆ ಅಮ್ಮ.

"ಅಮ್ಮಾ, ಸ್ವಲ್ಪ ಏಳು, ಬಾಗಿಲು ತೆಗೀಬೇಕು."

"ಆ ಕಡೆಯಿಂದ ದಾಟಿಕೊಂಡು ಹೋಗೋ."

"ಅಲ್ಲಿ ಗೋಡೆ ಇದೆ."

"ಎಲ್ಲಿದೆ?"

"ಇದೆ ಅಮ್ಮಾ. ಗೋಡೆ ಇದೆ." ನಾನು ಅಂಗೈ ಎತ್ತಿ ಗಾಳಿಯನ್ನು ಮೂರು ಸಲ ತಟ್ಟಿ ತೋರಿಸಿದೆ.

ಆಗಲೇ ಪಕ್ಕದ ತಾರಸಿಯಲ್ಲಿ ಒಂದು ಕೆಂಪು ಚುಕ್ಕಿ ಹೊಳೆದದ್ದು. ರಾತ್ರಿ ಪಾಳಿ ಮುಗಿಸಿ ಬಂದು ಮನೆಯವರಿಗೆ ಗೊತ್ತಾಗದಂತೆ ಸಿಗರೇಟು ಸೇದುತ್ತಿದ್ದ ಪಕ್ಕದ ಮನೆಯ ಹುಡುಗ. ಅಕ್ಕಿಹಿಟ್ಟಿನ ಚೌಕ, ಅಂಚಿನಲ್ಲಿ ಕಮಲ, ಅದರೊಳಗೆ ಸಾಲಾಗಿ ಮಲಗಿದ ಹೆಂಗಸರು, ಬನಿಯನ್ನಿನಲ್ಲಿ ಮಗುವನ್ನೆತ್ತಿಕೊಂಡು ಶೂನ್ಯವನ್ನು ತಟ್ಟುತ್ತಿರುವ ಯಜಮಾನ. ಅವನೇನೆಂದುಕೊಂಡನೋ. ಬಹಳ ಹೊತ್ತಿನ ಮೇಲೆ, "ಅಂಕಲ್... ಏನಾದ್ರೂ ಹೆಲ್ಪ್ ಬೇಕಾ?" ಎಂದ. ನಾನು ಮರ್ಯಾದೆ ಉಳಿಸಿಕೊಳ್ಳಲು ಇಲ್ಲದ ಚಿಲಕ ತೆಗೆದು, ಇಲ್ಲದ ಬಾಗಿಲನ್ನು ಸರ್ರನೆ ಜಾರಿಸಿ, ಇಲ್ಲದ ಮೆಟ್ಟಿಲ ಮೇಲೆ ಜಾಗ್ರತೆಯಾಗಿ ಕಾಲಿಡುವಷ್ಟರಲ್ಲಿ ಮಗನಿಗೆ ತಡೆಯಲಾಗಲಿಲ್ಲ. ಒಲೆ, ಫ್ರಿಜ್ಜು, ಅರ್ಧ ಸಿಂಕು ಅಕ್ಕಿಹಿಟ್ಟಿನ ಸಮೇತ ಕೊಚ್ಚಿಹೋದವು. ಉಳಿದರ್ಧ ಸಿಂಕನ್ನು ಬೆಳಗಿನ ಜಾವ ಇರುವೆಗಳು ಹೊತ್ತೊಯ್ದವು.

ಇಷ್ಟು ಸಂಶೋಧನೆಯ ನಂತರ ಒಂದು ಶನಿವಾರ ನಿಜವಾದ ಕ್ಯಾರವಾನನ್ನೇ ಬಾಡಿಗೆಗೆ ತಂದೆವು. ಲೇಪಾಕ್ಷಿಗೆಂದು ಹೊರಟದ್ದು. ಒಳಗೆ ಉದ್ದಕ್ಕೂ ಗೋಡೆಗೆ ಬೆನ್ನು ಕೊಟ್ಟ ಸೋಫಾ, ನನ್ನ ಹತ್ತನೇ ನಕ್ಷೆಯಂತೆಯೇ. ಹೆಮ್ಮೆಯಿಂದ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಸಾದಹಳ್ಳಿ ಟೋಲ್ ದಾಟಿ ದೇವನಹಳ್ಳಿಯ ಕಡೆ ಹೋಗುವಾಗ ಒಂದು ಕಾರು ಎಡದಿಂದ ಬಲಕ್ಕೆ ಸರಕ್ಕನೆ ಕೊಯ್ದುಕೊಂಡು ಹೋಯಿತು. ಡ್ರೈವರು ಬ್ರೇಕ್ ತುಳಿದ. ಸೋಫಾದ ರೆಕ್ಸಿನ್ ಮೇಲಿದ್ದ ಮಗ ಕೇರಮ್ ಬಿಲ್ಲೆಯಂತೆ ಜಾರಿ ಅಡುಗೆಕಟ್ಟೆಯ ಅಂಚಿಗೆ ಹೋಗಿ ಬಡಿದ.

ತುಟಿ ಒಡೆದಿತ್ತು, ಅಷ್ಟೇ. ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಆಗ ಅವನು ಅಳಲು ತೆಗೆದುಕೊಂಡ ಎರಡು ಮೂರು ಸೆಕೆಂಡು ಗಾಡಿಯೊಳಗೆ ಯಾರೂ ಉಸಿರಾಡಲಿಲ್ಲ. ಹೆಂಡತಿ ಅವನನ್ನು ಎದೆಗೆ ಒತ್ತಿಕೊಂಡು, ನನ್ನ ಕಡೆ ನೋಡದೆ, "ನಿನ್ನ ಹತ್ತು ನಕ್ಷೆಯಲ್ಲಿ ಬೆಲ್ಟ್ ಎಲ್ಲಿತ್ತು?" ಎಂದಳು.

ಇರಲಿಲ್ಲ. ಮಸಾಲೆ ಡಬ್ಬಿಗೆ ಜಾಗ ಗುರುತಿಸಿದ್ದೆ, ಚಪ್ಪಲಿ ಗೂಡಿಗೆ ಗುರುತಿಸಿದ್ದೆ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡವೆಂದು 2019ರ ತಿದ್ದುಪಡಿಯ ನಂತರ ಕಾನೂನಿನಲ್ಲೇ ಇದೆ. ಅದನ್ನೂ ಓದಿದ್ದೆ. ಆದರೆ ನಾನು ಬರೆದದ್ದೆಲ್ಲ ಮನೆ. ಅದು ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ ಎಂದು ಇಡೀ ಮನೆಯಲ್ಲಿ ನೆನಪಿಟ್ಟುಕೊಂಡಿದ್ದವಳು ಈಶಾನ್ಯ ಹಿಡಿದು ಕೂತಿದ್ದ ಅಮ್ಮ ಒಬ್ಬಳೇ.

ಅಲ್ಲಿಂದಲೇ ವಾಪಸು ತಿರುಗಿದೆವು. ದಾರಿಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ದೊಡ್ಡಬಳ್ಳಾಪುರದಿಂದ ಘಾಟಿ ಜಾತ್ರೆಗೆ ಕಮಾನು ಗಾಡೀಲಿ ಹೋಗ್ತಿದ್ವಿ. ಕೆಳಗೆ ಹುಲ್ಲು, ಮೇಲೆ ಕಂಬಳಿ. ಮಕ್ಕಳು ನಡುವೆ, ದೊಡ್ಡವರು ಅಂಚಿಗೆ. ಇಳಿಜಾರಲ್ಲಿ ನಮ್ಮತ್ತೆ ಕಾಲು ಅಡ್ಡ ಇಡೋಳು." ಅದು ಹನ್ನೊಂದನೆಯ ನಕ್ಷೆ. ಕಾಗದದ ಮೇಲೆ ಬರೆಯಲು ಎರಡು ನಿಮಿಷ ಸಾಕಾಯಿತು.

ಅದನ್ನು ಹಿಡಿದು ಯಶವಂತಪುರದಾಚೆಯ ಒಬ್ಬ ಬಾಡಿ ಕಟ್ಟುವ ಮೇಸ್ತ್ರಿಯ ಬಳಿ ಹೋದೆ. ನಡುವೆ ಮಕ್ಕಳಿಗೆ, ಮುಂದಕ್ಕೆ ಮುಖ ಮಾಡಿದ ಸೀಟು, ಅದಕ್ಕೆ ಬೆಲ್ಟು, ಉಳಿದದ್ದೆಲ್ಲ ಆಮೇಲೆ ಅಂದೆ. "ಆಯ್ತದೆ ಸಾ, ಪ್ಲೈವುಡ್ಡಿಗೆ ಎಲ್ಡು ಸ್ಕ್ರೂ ಹೊಡ್ದು ಕೊಡ್ತೀನಿ" ಎಂದ. ಬೆಲ್ಟನ್ನು ನೆಲದ ಉಕ್ಕಿಗೇ ಬೋಲ್ಟ್ ಮಾಡಬೇಕು, ಗಾಡಿ ಡಿಕ್ಕಿ ಹೊಡೆದಾಗ ಮಗುವಿನ ತೂಕ ಹಲವು ಪಟ್ಟಾಗಿ ಎಳೆಯುತ್ತದೆ, ಪ್ಲೈವುಡ್ಡು ಸ್ಕ್ರೂ ಸಮೇತ ಕಿತ್ತುಬರುತ್ತದೆ ಅಂದೆ. "ನಮ್ ಕೆಲ್ಸ ಇದುವರ್ಗೂ ಯಾವ್ದೂ ಕಿತ್ತಿಲ್ಲ ಸಾ." ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ, ಗಾಡಿಯ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ ಅಂದೆ. ಮೇಸ್ತ್ರಿ ಗಂಭೀರನಾದ. ಕಿವಿಯಿಂದ ಪೆನ್ಸಿಲು ತೆಗೆದು, "ಸೆಕ್ಷನ್ ಯಾವ್ದು ಬೇಕು ಸಾ, ಒಂದಿಂಚಿಂದಾ ಒಂದೂವರೆ ಇಂಚಿಂದಾ?" ಎಂದು ಕಬ್ಬಿಣದ ರಾಶಿಯ ಕಡೆ ಕೈ ತೋರಿದ. ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತು. ಅವತ್ತು ಅವನ ಮೇಲೆ ಎಷ್ಟು ಕೂಗಾಡಿದೆನೆಂದರೆ ವೆಲ್ಡಿಂಗ್ ಹುಡುಗರು ಕನ್ನಡಿ ಸರಿಸಿ ನೋಡಿದರು. ಪಾಪ, ಅವನ ತಪ್ಪು ಎರಡು ಸ್ಕ್ರೂ ಮಾತ್ರ. ನನ್ನ ಹತ್ತು ಹಾಳೆಯಲ್ಲಿ ಅದೂ ಇರಲಿಲ್ಲ.

ಕ್ಯಾರವಾನು ಬರಲಿಲ್ಲ. ಷಡ್ಡಕ ಫೋನ್ ಮಾಡಿದಾಗಲೆಲ್ಲ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತೇನೆ. ಆದರೆ ಹನ್ನೊಂದನೆಯ ನಕ್ಷೆ ತಾರಸಿಯ ಮೇಲಿದೆ, ಈ ಸಲ ಹಳದಿ ಎನಾಮಲ್ ಪೇಂಟಿನಲ್ಲಿ. ಜಕ್ಕೂರಿನಿಂದ ಏಳುವ ತರಬೇತಿ ವಿಮಾನದ ಹುಡುಗರು ಇಳಿಯುವ ಜಾಗವೆಂದು ತಿಳಿದಾರು ಎಂಬುದು ಅಮ್ಮನ ಆತಂಕ. ಆತಂಕದ ನಡುವೆಯೂ ಅಡುಗೆಕಟ್ಟೆಯ ಚೌಕದಲ್ಲಿ ಹಪ್ಪಳ ಒಣಹಾಕುತ್ತಾಳೆ.

ನಿನ್ನೆ ಸಂಜೆ ಹಪ್ಪಳ ಎತ್ತಲು ನಾನೇ ಹೋಗಿದ್ದೆ. ಮಗಳು ಡ್ರೈವರಿನ ಚೌಕದಲ್ಲಿ ತಟ್ಟೆ ಹಿಡಿದು ಕೂತಿದ್ದಳು. ಹಿಂದಿನ ಚೌಕದಲ್ಲಿ ಮಗ, ಸೊಂಟಕ್ಕೆ ಅಮ್ಮನ ಹಳೇ ಸೀರೆಯ ಅಂಚು ಬಿಗಿದುಕೊಂಡು. ಅವಸರದಲ್ಲಿ ಗೆರೆ ದಾಟಿ ಒಳಗೆ ಕಾಲಿಟ್ಟವನನ್ನು ಇಬ್ಬರೂ ಗದರಿದರು. ಹೊರಗೆ ಬಂದು, ಬಾಗಿಲು ಜಾರಿಸಿ, ತಲೆ ತಗ್ಗಿಸಿ ಒಳಹೊಕ್ಕೆ.

"ಎಲ್ಲಿವರೆಗೆ ಬಂದ್ವಿ?" ಎಂದು ಕೇಳಿದೆ.

"ಹೆಬ್ಬಾಳ" ಎಂದಳು ಮಗಳು, ತಟ್ಟೆಯ ಮೇಲೆ ಗಲ್ಲ ಊರಿಕೊಂಡು. "ಇಳೀಬೇಡಪ್ಪಾ, ಗಾಡಿ ನಿಂತಿಲ್ಲ. ಜಾಮಲ್ಲಿದೆ."