ಬಾರದ ಮೇಲೂ, ಸತ್ತ ಲಿಂಕೂ

ಪಾಸ್‌ವರ್ಡ್ ಮರೆಯುವುದು ಮನುಷ್ಯಸಹಜ. ಅದನ್ನು ಬದಲಿಸಲು ಬರಬೇಕಾದ ಮೇಲ್ ಬಾರದೇ ಹೋಗುವುದು ಬುಕಿಂಗ್ ಜಾಲತಾಣಗಳ ಹುಟ್ಟುಗುಣ. ದಸರಾ ರಜೆಗೆ ಮಡಿಕೇರಿಯಲ್ಲೊಂದು ರೂಮು ಹಿಡಿಯಲು ಕೂತವರನ್ನು ಕೇಳಿ ನೋಡಿ. 'ನಿಮ್ಮ ಇಮೇಲ್‌ಗೆ ಲಿಂಕ್ ಕಳಿಸಿದ್ದೇವೆ' ಎಂದು ಪರದೆ ಹಲ್ಲು ಕಿರಿಯುತ್ತದೆ. ಇನ್‌ಬಾಕ್ಸ್ ಬಿಕೋ ಎನ್ನುತ್ತದೆ.

ಫೋನ್ ಮಾಡಿದರೆ, "ಸ್ಪ್ಯಾಮ್ ನೋಡಿ ಸಾರ್!" ನೋಡಿದರೆ ಲಾಟರಿ ಗೆದ್ದ ಶುಭವಾರ್ತೆ, ಬೋಳುತಲೆಯ ತೈಲ, ಇವೆರಡರ ನಡುವೆ ಮುದುಡಿ ಕೂತ ನಮ್ಮ ಲಿಂಕು. ಪಾಪ, ತಪ್ಪು ಅದರದ್ದಲ್ಲ. ಮೇಲ್ ಸಾಗಿಸುವ ಎಸ್‌ಎಂಟಿಪಿ 1982ರ ಕೂಸು. ಕಳಿಸಿದವರು ನಿಜಕ್ಕೂ ಯಾರೆಂದು ವಿಚಾರಿಸುವ ಪರಿಪಾಠವೇ ಅದಕ್ಕಿರಲಿಲ್ಲ. ಈಗ ಎಸ್‌ಪಿಎಫ್, ಡಿಕೆಐಎಂ ಎಂಬ ಗುರುತು ತೋರಿಸದ ಮೇಲನ್ನು ಜಿಮೇಲ್, ಮದುವೆಮನೆಗೆ ಕರೆಯದೆ ಬಂದವರನ್ನು ನೋಡಿದಂತೆ ನೋಡುತ್ತದೆ. 2024ರ ಫೆಬ್ರವರಿಯಿಂದಂತೂ ನಿಯಮ ಇನ್ನೂ ಬಿಗಿ.

ಬಂದ ಲಿಂಕಾದರೂ ಕೆಲಸ ಮಾಡುತ್ತದೆಯೇ? ಕೆಲವು ಕಚೇರಿಗಳ ಭದ್ರತಾ ತಂತ್ರಾಂಶ, ಒಳಗೆ ವೈರಸ್ ಇದೆಯೇ ಎಂದು ಅದನ್ನು ತಾನೇ ಮೊದಲು ತೆರೆದು ನೋಡುತ್ತದೆ. ಒಂದೇ ಬಳಕೆಯ ಲಿಂಕು ಅಲ್ಲಿಗೇ ಮಟಾಷ್. ನಮಗೆ ಉಳಿಯುವುದು 'ಅವಧಿ ಮುಗಿದಿದೆ'. ಸಿಟ್ಟಿನಲ್ಲಿ ಮತ್ತೆ ಮತ್ತೆ ಗುಂಡಿ ಒತ್ತಿದಿರೋ, ಎಷ್ಟೋ ಕಡೆ ಕೊನೆಯದೊಂದೇ ಜೀವಂತ. ನಾವು ತೆರೆಯುವುದು ಮಾತ್ರ ಖಂಡಿತ ಸತ್ತದ್ದನ್ನೇ.

ಜಾಲತಾಣ ಕಟ್ಟುವ ಮಹನೀಯರೇ, ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂನ ಆ ಎರಡು ಸಾಲು ಬರೆಯಿರಿ. ಲಿಂಕನ್ನು ತೆರೆದೊಡನೆ ಕೊಲ್ಲಬೇಡಿ, ಹೊಸ ಪಾಸ್‌ವರ್ಡ್ ಉಳಿಸಿದ ಮೇಲೆ ಕೊಲ್ಲಿ. ಅದೂ ಈ ದಸರಾಕ್ಕೆ ಮುಂಚೆ.